ಎಂಟಕ್ಕೆ ಎಷ್ಟು ಮೋಡ?

ಮೇ 9, ಶುಕ್ರವಾರ

ಈ ವಾರ ತಮ್ಮನಿಗೆ ಹನ್ನೊಂದು ಹಳದಿ. ಇಪ್ಪತ್ತೆಂಟಕ್ಕೆ ಹನ್ನೊಂದು! ಶಾಲೆಯಲ್ಲಿ ಗಣಿತದಲ್ಲೂ ಇವನು ಇಷ್ಟು ಎಡವಿದವನಲ್ಲ.

ಸಂಜೆ ಮಗಳು ಕೇಳಿದಳು, "ಮಾಮ ಅಲ್ಲಿ ಇಡೀ ದಿನ ಏನ್ ಮಾಡ್ತಾನಮ್ಮಾ?" ದಕ್ಷಿಣ ಧ್ರುವದ ಹತ್ತಿರದ ಆ ನಿಲ್ದಾಣದಲ್ಲಿ ಈಗ ಸೂರ್ಯ ಹುಟ್ಟುವುದೇ ಇಲ್ಲ ಎಂದೆ. ಮಾಮ ದಿನಕ್ಕೆ ನಾಲ್ಕು ಸಲ ಹೊರಗೆ ಹೋಗುತ್ತಾನೆ, ಟಾರ್ಚ್ ಆರಿಸಿ ಕಣ್ಣು ಕತ್ತಲಿಗೆ ಹೊಂದುವ ತನಕ ಹತ್ತು ನಿಮಿಷ ನಿಲ್ಲುತ್ತಾನೆ, ಆಮೇಲೆ ತಲೆಯೆತ್ತಿ ನಕ್ಷತ್ರ ಎಲ್ಲೆಲ್ಲಿ ಕಾಣುತ್ತಿಲ್ಲವೋ ಅಲ್ಲೆಲ್ಲ ಮೋಡವಿದೆ ಎಂದು ಲೆಕ್ಕ ಹಾಕುತ್ತಾನೆ. ಆಕಾಶವನ್ನು ಎಂಟು ಪಾಲು ಮಾಡಿದರೆ ಎಷ್ಟು ಪಾಲು ಮೋಡ ಎಂದು ಬರೆಯುತ್ತಾನೆ. ಅದೇ ಹೊತ್ತಿಗೆ ಉಪಗ್ರಹ ಮೇಲಿನಿಂದ ನೋಡಿ ತನ್ನದೊಂದು ಸಂಖ್ಯೆ ಕೊಡುತ್ತದೆ. ಇಲ್ಲಿ ಆಫೀಸಿನಲ್ಲಿ ಅಮ್ಮ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಉಪಗ್ರಹವನ್ನು ಎಷ್ಟು ನಂಬಬಹುದು ಎಂದು ಹೇಳಬೇಕು. ಅದೇನು ಸುಲಭವಲ್ಲ. ಅಲ್ಲಿ ಮೋಡವೂ ಬಿಳಿ, ನೆಲದ ಹಿಮವೂ ಬಿಳಿ. ಕತ್ತಲಲ್ಲಿ ಬಿಸಿ ತಂಪು ಅಳೆದು ಗುರುತಿಸೋಣ ಎಂದರೆ ಎರಡೂ ಅಷ್ಟೇ ತಣ್ಣಗಿರುತ್ತವೆ.

"ಇಬ್ಬರೂ ಬೇರೆ ಬೇರೆ ಹೇಳಿದ್ರೆ?" ಎಂದಳು.

ಅದಕ್ಕೇ ಹಳದಿ. ಇದು ನಾನೇ ಮಾಡಿದ ಏರ್ಪಾಡು, ಸ್ವಲ್ಪ ಜಂಬವೂ ಇದೆ. ಎರಡು ಸಂಖ್ಯೆಗಳ ನಡುವೆ ಮೂರು ಪಾಲಿಗಿಂತ ಹೆಚ್ಚು ಅಂತರ ಬಂದರೆ ತಮ್ಮನ ಸಾಲು ತಾನೇ ಹಳದಿಯಾಗಿ ಅವನಿಗೆ ವಾಪಸು ಹೋಗುತ್ತದೆ. ಅವನು ಮರುಪರಿಶೀಲನೆ ಮಾಡಿ, ಕಾರಣ ಬರೆದು ಕಳಿಸಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಮಗಳಿಗೆ ಹೊಸ ಶೂ ಬಂದಿದೆ. ಒತ್ತುತ್ತದೆ ಎಂದು ಒಂದೇ ರಾಗ. ಡಬ್ಬಿ ತೋರಿಸಿದೆ; ಅವಳ ಕಾಲಿನ ಅಳತೆಯೇ ಅದರ ಮೇಲೆ ಅಚ್ಚಾಗಿದೆ. ಸುಮ್ಮನಾದಳು.

ಮೇ 23, ಶುಕ್ರವಾರ

ಮಧ್ಯಾಹ್ನ ತಮ್ಮನ ಫೋನು. ಧ್ವನಿಯಲ್ಲಿ ಮುನಿಸು.

"ಅಕ್ಕ, ಬುಧವಾರದ್ದು ನಾಲ್ಕೂ ಹಳದಿ ಮಾಡಿದ್ದೀಯ. ನಾನು ನೋಡಿದ್ದೀನಿ ಕಣೇ. ಒಂದೇ ಒಂದು ನಕ್ಷತ್ರ ಇರ್ಲಿಲ್ಲ."

"ಹತ್ತು ನಿಮಿಷ ನಿಂತಿದ್ದೆಯಾ? ಚಳಿ ಅಂತ ಎರಡೇ ನಿಮಿಷಕ್ಕೆ ಒಳಗೆ ಓಡಿದ್ದೀಯೋ?"

"ನಿಂತಿದ್ದೆ. ರೆಪ್ಪೆ ಅಂಟ್ಕೊಳ್ಳೋ ತನಕ ನಿಂತಿದ್ದೆ."

"ಹಾಗಾದ್ರೆ ಉಪಗ್ರಹಕ್ಕೆ ಎಂಟು ಪಾಲು ಮೋಡ ಕಾಣದೇ ಹೋಯ್ತಾ? ಕೋಟಿ ಸುರಿದು ಮೇಲೆ ಕಳಿಸಿರೋದು ಕಣೋ ಅದನ್ನ."

ಪಾಪ ಎನಿಸಿತು. ಚಿಕ್ಕಂದಿನಿಂದಲೂ ಅವನಿಗೆ ಪಕ್ಕದಲ್ಲೊಬ್ಬರು ಬೇಕು. ಹೋಮ್‌ವರ್ಕಿನಲ್ಲಿ ಪ್ರತಿ ಲೆಕ್ಕವಾದ ಮೇಲೂ ತಲೆಯೆತ್ತಿ ನನ್ನ ಮುಖ ನೋಡುವನು, ನಾನು ಹುಬ್ಬು ಗಂಟಿಕ್ಕಿದರೆ ಅಳಿಸುವನು. ಅದಕ್ಕೇ ಒಂದು ಉಪಾಯ ಹೇಳಿಕೊಟ್ಟೆ. ಉಪಗ್ರಹದ ಪುಟ ಅಲ್ಲಿಯೂ ತೆರೆಯುತ್ತದೆ, ಹೊರಗೆ ಹೋಗುವ ಮುಂಚೆ ಒಮ್ಮೆ ನೋಡಿಕೋ, ಏನನ್ನು ಹುಡುಕಬೇಕು ಎಂದಾದರೂ ಗೊತ್ತಾಗುತ್ತದೆ ಎಂದೆ.

"ಸರಿ ಅಕ್ಕ" ಎಂದ.

ಮೇ 30, ಶುಕ್ರವಾರ

ನಾಲ್ಕೇ ಹಳದಿ. ಹೇಳಿಕೊಟ್ಟದ್ದು ಹತ್ತಿತು.

ಜೂನ್ 27, ಶುಕ್ರವಾರ

ಹಳದಿ ಸೊನ್ನೆ! ಎರಡು ವಾರದಿಂದ ಒಂದೂ ಇಲ್ಲ.

ನಮ್ಮ ನಿರ್ದೇಶಕರನ್ನು ಆಫೀಸಿನಲ್ಲಿ ಎಲ್ಲರೂ ಶೇಕಡಾ ಸಾಹೇಬರು ಎನ್ನುತ್ತಾರೆ. ಊಟ ಹೇಗಿತ್ತು ಎಂದರೂ ನೂರಕ್ಕೆ ಎಂಬತ್ತು ಎನ್ನುವ ಆಸಾಮಿ. ಇವತ್ತು ನನ್ನ ಮೇಜಿನ ತನಕ ತಾವೇ ನಡೆದು ಬಂದರು. ಜೂನ್ ತಿಂಗಳಲ್ಲಿ ಉಪಗ್ರಹಕ್ಕೂ ನೆಲದ ಕಣ್ಣಿಗೂ ನೂರಕ್ಕೆ ತೊಂಬತ್ತಾರು ಹೊಂದಿಕೆ! ಕತ್ತಲ ತಿಂಗಳಲ್ಲಿ ಯಾರಿಗೂ ಇಷ್ಟು ಬಂದದ್ದಿಲ್ಲವಂತೆ.

"ಇನ್ನು ಮುಂದಿನ ಚಳಿಗಾಲಕ್ಕೆ ಅಲ್ಲಿ ವೀಕ್ಷಕರೇ ಬೇಡ ಮೇಡಂ. ಆಗಸ್ಟ್‌ನಲ್ಲಿ ಮೊದಲ ವಿಮಾನ ಹೋಗುತ್ತಲ್ಲ, ಅದನ್ನ ಈ ಸಲ ಉಪಗ್ರಹ ನೋಡಿಯೇ ಇಳಿಸೋಣ. ನಿಮ್ಮ ರಿಪೋರ್ಟ್ ಸಾಕು. ಸೋಮವಾರ ಕೊಟ್ಬಿಡಿ."

ಅಲ್ಲಿ ಮೋಡ ಕೆಳಗಿಳಿದಿದ್ದರೆ ಪೈಲಟ್‌ಗೆ ನೆಲ ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ, ಎಲ್ಲ ಒಂದೇ ಬಿಳಿ. ಅಂಥ ಕಡೆ ನನ್ನ ಸಂಖ್ಯೆ ನೋಡಿ ವಿಮಾನ ಇಳಿಸುತ್ತಾರೆ ಎಂದರೆ ಸಣ್ಣ ಮಾತಲ್ಲ. ಮೆಟ್ಟಿಲಿಳಿಯುವಾಗ ನನ್ನಷ್ಟಕ್ಕೆ ನಕ್ಕೆ, ಕಾವಲುಗಾರ ವಿಚಿತ್ರವಾಗಿ ನೋಡಿದ.

ತಮ್ಮನಿಗೆ ಫೋನ್ ಮಾಡಿ ಹೇಳಿದೆ. "ಸರಿ ಅಕ್ಕ" ಎಂದ. ಊಟ ಆಯಿತೇ ಎಂದರೂ ಸರಿ ಅಕ್ಕ, ನಿದ್ದೆ ಬರುತ್ತದೆಯೇ ಎಂದರೂ ಸರಿ ಅಕ್ಕ. ಮೊದಲಿನ ಹಾಗೆ ವಾದ ಮಾಡುವುದಿಲ್ಲ. ಗಂಭೀರವಾಗಿದ್ದಾನೆ. ಒಳ್ಳೆಯದೇ.

ಜುಲೈ 13, ಭಾನುವಾರ

ಬೆಳಿಗ್ಗೆ ಇವರು ಊಟದ ಮೇಜಿನ ತುಂಬ ಶಾಲೆಯ ಉತ್ತರಪತ್ರಿಕೆ ಹರಡಿಕೊಂಡು ಕೆಂಪು ಪೆನ್ನು ಆಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು.

"ಸಿಕ್ಕಿಬಿದ್ರು ನೋಡು ಇಬ್ಬರು."

"ಇಬ್ಬರೂ ನೂರಕ್ಕೆ ನೂರಾ?"

"ಅದಲ್ವೇ. ಸರಿ ಉತ್ತರ ಯಾರು ಬರೆದ್ರೂ ಒಂದೇ ಥರ ಇರುತ್ತೆ, ಅದ್ರಿಂದ ಏನೂ ಗೊತ್ತಾಗಲ್ಲ. ತಪ್ಪನ್ನ ನೋಡ್ಬೇಕು. ಒಬ್ಬನಿಗೆ ಆಗೋ ತಪ್ಪು ಇನ್ನೊಬ್ಬನಿಗೆ ಆಗಲ್ಲ. ಇಬ್ಬರ ತಪ್ಪೂ ಒಂದೇ ಆದ್ರೆ, ಒಬ್ಬ ಇನ್ನೊಬ್ಬನ ಪೇಪರ್ ನೋಡಿದ್ದಾನೆ ಅಂತ ಅರ್ಥ."

ನಾನೂ ನಕ್ಕೆ. ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದಾಗ ಆ ಮಾತು ಮತ್ತೆ ನೆನಪಾಯಿತು. ಜೂನ್ ಹನ್ನೊಂದರಂದು ಉಪಗ್ರಹದ ಕೇಂದ್ರದವರು ತಪ್ಪು ಮಾಡಿದ್ದರು, ಹಿಂದಿನ ದಿನದ ಫೈಲನ್ನೇ ಇನ್ನೊಮ್ಮೆ ಹಾಕಿಬಿಟ್ಟಿದ್ದರು. ಎರಡು ದಿನ ಬಿಟ್ಟು ಕ್ಷಮೆ ಕೇಳಿ ಪತ್ರ ಬಂತು, ನಾನು ಆ ದಿನವನ್ನೇ ಲೆಕ್ಕದಿಂದ ತೆಗೆದುಹಾಕಿದೆ. ತಮ್ಮ ಆ ದಿನ ಏನು ಬರೆದಿದ್ದ ಎಂದು ನೋಡಿರಲೇ ಇಲ್ಲ.

ನೋಡುವ ಅಗತ್ಯವೂ ಇಲ್ಲ. ಆದರೂ ನಾಳೆ ಒಮ್ಮೆ ನೋಡುತ್ತೇನೆ.

ಜುಲೈ 14, ಸೋಮವಾರ

ಆಫೀಸಿಗೆ ಹೋದವಳೇ ಜೂನ್ ಹನ್ನೊಂದರ ಸಾಲು ತೆಗೆದೆ.

ಜೂನ್ ಹತ್ತರಂದು ಉಪಗ್ರಹದ ಸಂಖ್ಯೆ: ಎರಡು, ಐದು, ಒಂದು, ಏಳು. ಹನ್ನೊಂದರಂದು ತಪ್ಪಾಗಿ ಅದೇ ಮತ್ತೆ: ಎರಡು, ಐದು, ಒಂದು, ಏಳು.

ಹನ್ನೊಂದರಂದು ತಮ್ಮ ಬರೆದದ್ದು: ಎರಡು, ಐದು, ಒಂದು, ಏಳು.

ಮೂರು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಆಮೇಲೆ ನಿಲ್ದಾಣದ ಗಾಳಿ ಅಳೆಯುವ ಯಂತ್ರದ ದಾಖಲೆ ತೆಗೆದೆ. ಅದು ತಾನೇ ಬರೆದುಕೊಳ್ಳುವ ಯಂತ್ರ, ಅದಕ್ಕೆ ಅಕ್ಕ ತಮ್ಮ ಯಾರೂ ಇಲ್ಲ. ಹನ್ನೊಂದರಂದು ಬೆಳಗಿನಿಂದ ಮರುದಿನದವರೆಗೆ ಹಿಮದ ಬಿರುಗಾಳಿ. ಕೈ ಚಾಚಿದರೆ ಬೆರಳು ಕಾಣದಂಥದ್ದು. ಆಕಾಶವೇ ಕಾಣದಿದ್ದರೆ ಒಂಬತ್ತು ಎಂದು ಬರೆಯುವುದು ನಿಯಮ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುತ್ತಾರೆ. ಆ ದಿನ ಇವನು ಬಾಗಿಲು ತೆರೆದಿರುವುದೂ ಸುಳ್ಳು. ಒಳಗೆ ಬೆಚ್ಚಗೆ ಕುಳಿತು ಉಪಗ್ರಹದ ಪುಟ ನೋಡಿ ಬರೆದಿದ್ದಾನೆ.

ತೊಂಬತ್ತಾರು! ಉಪಗ್ರಹವನ್ನು ಉಪಗ್ರಹದ ಪಕ್ಕದಲ್ಲೇ ನಿಲ್ಲಿಸಿ, ಎಷ್ಟು ಚೆನ್ನಾಗಿ ಹೋಲುತ್ತವೆ ಎಂದು ನಾನು ಸಹಿ ಹಾಕಿದ್ದೇನೆ. ರಿಪೋರ್ಟ್ ಹೋಗಿ ಎರಡು ವಾರವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅದೂ ನನ್ನ ಒಡಹುಟ್ಟಿದವನು.

ಜುಲೈ 15, ಮಂಗಳವಾರ

ಆಫೀಸಿಗೆ ಹೋದೆ. ಬಂದೆ.

ಜುಲೈ 17, ಗುರುವಾರ

ಫೋನ್ ಮಾಡಿದೆ. ಅವನು ಏನೇನು ಸುಳ್ಳು ಹೇಳಬಹುದು, ಅದಕ್ಕೆ ನಾನು ಏನು ಹೇಳಬೇಕು ಎಂದು ಎರಡು ದಿನ ತಯಾರಿ ಮಾಡಿಕೊಂಡಿದ್ದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ.

"ನೀನು ಹೊರಗೆ ಹೋಗ್ತಾನೇ ಇಲ್ಲ ಅಲ್ವಾ?"

"ಹೋಗ್ತೀನಿ ಅಕ್ಕ."

"ಬೊಗಳಬೇಡ. ಜೂನ್ ಹನ್ನೊಂದಕ್ಕೆ ಉಪಗ್ರಹದ ಪುಟ ನೋಡಿ ಬರೆದಿದ್ದೀಯ."

"ಹೌದು. ದಿನಾ ಪುಟ ನೋಡಿಯೇ ಬರೆಯೋದು. ಆದ್ರೆ ಹೊರಗೂ ಹೋಗ್ತೀನಿ. ನಾನು ನೋಡಿದ್ದನ್ನ ಜೇಬಿನ ಪುಸ್ತಕದಲ್ಲಿ ಬರ್ಕೋತೀನಿ. ನಿನಗೆ ಕಳಿಸೋದು ಪುಟದಲ್ಲಿರೋದನ್ನ."

ನನ್ನ ಬಾಯಿಂದ ಹೊರಟದ್ದೆಲ್ಲ ಬೈಗುಳ. ನನ್ನ ಹೆಸರು ಹಾಳು ಮಾಡಿದೆ, ನೌಕರಿಗೆ ಕುತ್ತು ತಂದೆ, ನಿನ್ನನ್ನು ಎತ್ತಿ ಆಡಿಸಿದ್ದಕ್ಕೆ ಇದೇನಾ ಎಂದೆಲ್ಲ ಅಂದುಬಿಟ್ಟೆ.

ಅವನು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದ, "ಇಲ್ಲಿ ಎಲ್ಲರೂ ನನ್ನನ್ನ ಹಳದಿ ಅಂತಲೇ ಕರೆಯೋದು ಅಕ್ಕ. ನೀನು ಕಳಿಸ್ತಿದ್ದ ಹಳದಿ ಸಾಲುಗಳ ಪಟ್ಟೀನ ನಿಲ್ದಾಣದ ಮುಖ್ಯಸ್ಥರು ಊಟದ ಮೇಜಲ್ಲಿ ಓದ್ತಿದ್ರು. ಮೊದಮೊದಲು ನಾನೂ ನಗ್ತಿದ್ದೆ. ಆಮೇಲೆ ನನ್ನ ಕಣ್ಣಿಗೇ ಏನೋ ಆಗಿದೆ ಅನ್ನಿಸ್ತು, ಡಾಕ್ಟರಿಗೆ ತೋರಿಸ್ದೆ. ಕಣ್ಣು ಚೆನ್ನಾಗಿದೆ ಅಂದ್ರು."

ಫೋನ್ ಇಟ್ಟುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾಡುವುದೆಲ್ಲ ಮಾಡಿ ತಪ್ಪು ನನ್ನ ಪಟ್ಟಿಯದ್ದೇ?

ಜುಲೈ 18, ಶುಕ್ರವಾರ

ಇವತ್ತು ಶಾಲೆಯಿಂದ ಮಗಳು ಕುಂಟುತ್ತಾ ಬಂದಳು. ಕಾಲುಚೀಲ ತೆಗೆದರೆ ಎರಡೂ ಹಿಮ್ಮಡಿ ಸುಲಿದು, ರಕ್ತ ಒಣಗಿ ಬಟ್ಟೆಗೆ ಅಂಟಿಕೊಂಡಿತ್ತು. ಎರಡು ತಿಂಗಳಿಂದ ಹೀಗೇ ನಡೆದಿದ್ದಾಳೆ.

"ಯಾಕೆ ಪುಟ್ಟಿ ಹೇಳ್ಲಿಲ್ಲ?"

"ಹೇಳಿದ್ದೆನಲ್ಲಮ್ಮಾ. ನೀನು ಡಬ್ಬಿ ತೋರಿಸ್ದೆ."

ಬಿಸಿನೀರಿನಲ್ಲಿ ಕಾಲು ತೊಳೆದು ಮುಲಾಮು ಹಚ್ಚಿದೆ. ಅವಳು ಮಲಗಿದ ಮೇಲೆ ಅಲ್ಲ, ಆಗಲೇ, ಅವಳ ಪಕ್ಕದಲ್ಲಿ ಕುಳಿತೇ ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಹನ್ನೊಂದು ಹಳದಿ. ಹೊರಗೆ ಹೋಗುವ ಮುಂಚೆ ಒಮ್ಮೆ ನೋಡಿಕೋ. ನಾಲ್ಕೇ ಹಳದಿ, ಹೇಳಿಕೊಟ್ಟದ್ದು ಹತ್ತಿತು. ಎಲ್ಲ ನನ್ನದೇ ಕೈಬರಹ, ನನ್ನದೇ ಜಂಬ. ಅಯ್ಯೋ ದೇವರೇ.

ನೆಲದಿಂದ ನೋಡಿದ್ದು ನಿಜ, ಅದನ್ನು ಹಿಡಿದು ಉಪಗ್ರಹವನ್ನು ಅಳೆಯಬೇಕು. ಇದು ಈ ಕೆಲಸದ ಓನಾಮ. ನಾನು ಉಪಗ್ರಹ ಹಿಡಿದು ನೆಲದವನನ್ನು ಅಳೆದೆ. ಅವನು ಹೊಂದುವ ತನಕ ತಿದ್ದಿದೆ. ನಕಲು ಮಾಡಿದವನು ಅವನಲ್ಲ. ಮಾಡಿಸಿದವಳು ನಾನು.

ಜುಲೈ 23, ಬುಧವಾರ

ತಮ್ಮನನ್ನು ಕೇಳಿದ್ದೆ, ಜೇಬಿನ ಪುಸ್ತಕದ ಪುಟಗಳ ಫೋಟೋ ಕಳಿಸಿದ್ದಾನೆ. ಪೆನ್ಸಿಲಿನ ಬರಹ, ಚಳಿಯಲ್ಲಿ ಪೆನ್ನು ಓಡುವುದಿಲ್ಲ. ಒಂದು ಹೊತ್ತನ್ನೂ ತಪ್ಪಿಸಿಲ್ಲ. ಜೂನ್ ಹನ್ನೊಂದು: ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು. ಅದರ ಕೆಳಗೆ, "ಬಾಗಿಲಿಗೆ ಕಟ್ಟಿದ ಹಗ್ಗ ಹಿಡಿದು ನಿಂತೆ. ಹಗ್ಗವೂ ಕಾಣಲಿಲ್ಲ."

ನಾನು ಅವನಿಗೆ ಅಂದ ಮಾತುಗಳನ್ನು ಎಲ್ಲಿ ಬಚ್ಚಿಡಲಿ?

ಆ ಸಂಖ್ಯೆಗಳಿಂದ ಹೊಸದಾಗಿ ಲೆಕ್ಕ ಹಾಕಿದೆ. ಕತ್ತಲ ತಿಂಗಳಲ್ಲಿ ಉಪಗ್ರಹ ಸರಿ ಹೇಳಿದ್ದು ನೂರಕ್ಕೆ ಅರವತ್ತೊಂದು. ಕೆಳಗಿನ ಮೋಡವನ್ನು ಎಷ್ಟೋ ಸಲ ಹಿಮ ಎಂದೇ ತಿಳಿದಿದೆ. ಆಮೇಲೆ ಯೋಚಿಸಿದರೆ, ಇಪ್ಪತ್ತೆಂಟಕ್ಕೆ ಹನ್ನೊಂದು ಹಳದಿ ಬಂದ ಮೇ ತಿಂಗಳ ಆ ವಾರವೂ ಹೊಂದಿದ್ದು ಹದಿನೇಳು, ಅಂದರೆ ನೂರಕ್ಕೆ ಅರವತ್ತೊಂದೇ. ಮೊದಲ ವಾರದಲ್ಲೇ ಉತ್ತರ ಅಂಗೈಯಲ್ಲಿತ್ತು, ನಾನು ಅದನ್ನು ತಪ್ಪು ಎಂದು ವಾಪಸು ಕಳಿಸಿದೆ.

ಜುಲೈ 24, ಗುರುವಾರ

ಶೇಕಡಾ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಯಾರ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ ಸರ್."

"ಹೇಳಬೇಡಿ. ವಾಪಸ್ ತರೋಕೆ ರಿಪೋರ್ಟ್ ಏನು ಲೈಬ್ರರಿ ಪುಸ್ತಕವಾ? ವಿಮಾನ ಒಂದ್ಸಲ ಹೋಗಿ ಬರ್ಲಿ. ಆಮೇಲೆ ನಿಧಾನವಾಗಿ ತಿದ್ದೋಣ. ಈಗ ಬಾಯಿಬಿಟ್ರೆ ಮೊದಲು ಹೋಗೋದು ನಿಮ್ಮ ತಮ್ಮನ ನೌಕರಿ, ನೆನಪಿರ್ಲಿ."

ಸರಿ ಸರ್ ಎಂದೆ. ಹೊರಗೆ ಬಂದ ಮೇಲೆ ನನ್ನ ಧ್ವನಿಯೇ ನನಗೆ ಕೇಳಿಸಿತು. ತಮ್ಮನ 'ಸರಿ ಅಕ್ಕ' ಹಾಗೇ ಇತ್ತು.

ಆಗಸ್ಟ್ 3, ಭಾನುವಾರ

ಮಗಳಿಗೆ ಶೂ ಕೊಂಡೆವು. ಅಂಗಡಿಯವನು ಅಳತೆ ಹಿಡಿಯಲು ಬಂದ. ಬೇಡ, ಅವಳೇ ನಡೆದು ನೋಡಲಿ ಎಂದೆ. ಏಳು ಜೊತೆ ಹಾಕಿ ಅಂಗಡಿ ತುಂಬ ಓಡಾಡಿದಳು. ಅಂಗಡಿಯವನಿಗೆ ಸಾಕುಬೇಕಾಯಿತು.

ಆಗಸ್ಟ್ 12, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ವಿಮಾನ ಹೊರಟಿತ್ತು, ಒಂಬತ್ತು ಜನ. ಅರ್ಧ ದಾರಿಯ ತನಕ ತಿರುಗಿ ಬರಲು ಇಂಧನ ಇರುತ್ತದೆ. ಅದನ್ನು ದಾಟಿದರೆ ಅಲ್ಲೇ ಇಳಿಯಬೇಕು, ಮೋಡವಿರಲಿ ಬಿಡಲಿ. ಅರ್ಧ ದಾರಿಗೆ ನಲವತ್ತು ನಿಮಿಷವಿದ್ದಾಗ ವಿಮಾನಗಳ ನಿಯಂತ್ರಣ ಕೋಣೆಯ ಅಧಿಕಾರಿ ನನ್ನನ್ನು ಕರೆಸಿದರು. ಗಟ್ಟಿ ಹೆಂಗಸು, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ. ಪರದೆಯ ಮೇಲೆ ಉಪಗ್ರಹದ ಚಿತ್ರ, ನಿಲ್ದಾಣದ ಮೇಲೆ ಎಂಟಕ್ಕೆ ಸೊನ್ನೆ ಮೋಡ. ಮೇಜಿನ ಮೇಲಿನ ಕಾಗದದಲ್ಲಿ ನನ್ನ ಸಹಿಗೆ ಜಾಗ. ಶೇಕಡಾ ಸಾಹೇಬರು ಆಗಲೇ ಅಲ್ಲಿ ಕುಳಿತಿದ್ದರು.

ಪೆನ್ನು ತೆಗೆದುಕೊಂಡೆ. ಇದನ್ನು ಇಲ್ಲಾದರೂ ಒಪ್ಪಿಕೊಳ್ಳಬೇಕು: ಕಾಗದದ ಮೇಲೆ ಪೆನ್ನು ಇಟ್ಟಿದ್ದೆ.

"ನಿಲ್ದಾಣಕ್ಕೆ ಒಂದು ಫೋನ್ ಮಾಡ್ಬಹುದಾ?" ಎಂದೆ.

"ಈ ಸಲ ಅದರ ಅಗತ್ಯ ಇಲ್ಲ ಅಂತ ನಿಮ್ಮ ರಿಪೋರ್ಟೇ ಹೇಳುತ್ತಲ್ಲ" ಎಂದರು ಅಧಿಕಾರಿ.

"ಅಗತ್ಯ ಇದೆ. ದಯವಿಟ್ಟು."

ಸಾಹೇಬರು ಕೆಮ್ಮಿದರು. ಅಧಿಕಾರಿ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಹಾಕಿದರು. ತಮ್ಮ ಬಂದ.

"ಎಂಟಕ್ಕೆ ಎಷ್ಟು ಮೋಡ?" ಎಂದೆ.

ಅವನು ಕೇಳಿದ, "ಅಕ್ಕ, ಉಪಗ್ರಹ ಎಷ್ಟು ಅಂತ ಹೇಳ್ತಿದೆ?"

ಅಷ್ಟು ಹೊತ್ತಿಗೆ ಅವನೇ ನೋಡಿ ಬಂದಿರುತ್ತಾನೆ, ಜೇಬಿನಲ್ಲಿ ಬರೆದೂ ಇಟ್ಟಿರುತ್ತಾನೆ. ಆದರೂ ಕೇಳುತ್ತಿದ್ದಾನೆ. ಒಂಬತ್ತು ಜನರ ಜೀವ ಗಾಳಿಯಲ್ಲಿದೆ, ಅವನು ಲೆಕ್ಕದ ಪುಸ್ತಕದಿಂದ ತಲೆಯೆತ್ತಿ ನನ್ನ ಹುಬ್ಬು ಹುಡುಕುತ್ತಿದ್ದಾನೆ. ಪರದೆಯ ಸೊನ್ನೆ ನನ್ನ ಕಣ್ಣೆದುರೇ ಇತ್ತು. ನಾನು ಸೊನ್ನೆ ಎಂದಿದ್ದರೆ ಅವನೂ ಸೊನ್ನೆ ಎನ್ನುತ್ತಿದ್ದ. ಅದು ನನಗೆ ಖಚಿತವಾಗಿ ಗೊತ್ತಿತ್ತು.

"ನಂಗೆ ಗೊತ್ತಿಲ್ಲ" ಎಂದೆ. "ಪರದೆ ಆರಿಸಿದ್ದೀವಿ. ನೀನು ಹೊರಗೆ ಹೋಗಿ ನೋಡ್ಕೊಂಡು ಬಾ. ನೀನು ಏನು ಹೇಳಿದ್ರೂ ಅದನ್ನೇ ಬರ್ಕೋತೀವಿ."

"ಹಳದಿ ಮಾಡಲ್ಲ ತಾನೆ?"

"ಇಲ್ಲ ಕಣೋ. ಇನ್ಯಾವತ್ತೂ ಇಲ್ಲ."

ಫೋನನ್ನು ಮೇಜಿನ ಮೇಲಿಟ್ಟು ಹೋದ. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಅಲ್ಲಿ ಈಗ ನಡುಹಗಲಲ್ಲಿ ಒಂದಿಷ್ಟು ಮಬ್ಬು ಬೆಳಕು ಬರುತ್ತದೆ, ಹತ್ತು ನಿಮಿಷ ನಿಲ್ಲಬೇಕಿಲ್ಲ. ಅವನು ನಿಂತ. ನಾವು ಮೂವರೂ ಖಾಲಿ ಫೋನಿಗೆ ಕಿವಿಕೊಟ್ಟು ಕುಳಿತೆವು. ಆ ಹತ್ತು ನಿಮಿಷದಲ್ಲಿ ನಾನು ಅಧಿಕಾರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ತೊಂಬತ್ತಾರು ಸುಳ್ಳು, ಅರವತ್ತೊಂದು ನಿಜ, ತಪ್ಪು ಅವನದಲ್ಲ, ನನ್ನದು. ಹತ್ತೊಂಬತ್ತು ದಿನ ಸುಮ್ಮನಿದ್ದದ್ದೂ ನಾನೇ. ಸಾಹೇಬರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ತಮ್ಮ ಬಂದ. ಏದುಸಿರು. "ಎಂಟಕ್ಕೆ ಎಂಟು. ತುಂಬಾ ಕೆಳಗಿದೆ. ದೀಪದ ಕಂಬದ ತುದಿ ಕಾಣಲ್ಲ. ನನ್ನ ನೆರಳೂ ಇಲ್ಲ ಅಕ್ಕ, ನೆಲ ಎಲ್ಲಿ ಶುರು ಅಂತಾನೇ ಗೊತ್ತಾಗ್ತಿಲ್ಲ."

"ಉಪಗ್ರಹ ತಪ್ಪು ಅನ್ನೋಕೆ ಬೇರೆ ಆಧಾರ ಏನಿದೆ?" ಎಂದರು ಸಾಹೇಬರು.

ಅಧಿಕಾರಿ ಅವರ ಮುಖ ನೋಡಲಿಲ್ಲ. ವಿಮಾನಕ್ಕೆ ಹೇಳಿದರು, "ತಿರುಗಿ ಬನ್ನಿ."

ನಾನು ಸಹಿಯಿಲ್ಲದ ಕಾಗದವನ್ನು ಅವರ ಕೈಗೆ ವಾಪಸು ಕೊಟ್ಟೆ.

ಆಗಸ್ಟ್ 16, ಶನಿವಾರ

ನಿನ್ನೆ ತಿಳಿಯಾದ ಮೇಲೆ ವಿಮಾನ ಹೋಗಿ ಇಳಿಯಿತು. ಮಂಗಳವಾರದ ಮೋಡ ಮೂರು ದಿನ ಹಾಗೇ ಕೂತಿತ್ತಂತೆ. ಉಪಗ್ರಹ ಮೂರು ದಿನವೂ ಸೊನ್ನೆ ಎಂದಿತು.

ರಿಪೋರ್ಟ್ ವಾಪಸು ತಂದೆ. ತರಬಹುದು, ಲೈಬ್ರರಿ ಪುಸ್ತಕಕ್ಕಿಂತ ಸುಲಭ. ನನ್ನನ್ನು ಈ ಕೆಲಸದಿಂದ ತೆಗೆದಿದ್ದಾರೆ, ವಿಚಾರಣೆ ಇದೆ. ತಮ್ಮನ ಮೇಲೂ ಇದೆ. ಜೇಬಿನ ಪುಸ್ತಕ ಅವನನ್ನು ಕಾಪಾಡಬಹುದು ಎಂದು ಅಧಿಕಾರಿ ಹೇಳಿದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಆದರೆ ನಾನು ಮಾಡಿದ್ದನ್ನು ಅವನು ಏಕೆ ಉಣ್ಣಬೇಕು? ವಿಚಾರಣೆಯಲ್ಲಿ ಇದನ್ನೇ ಹೇಳುತ್ತೇನೆ.

ಆಗಸ್ಟ್ 24, ಭಾನುವಾರ

ತಮ್ಮ ಮನೆಗೆ ಬಂದಿದ್ದಾನೆ. ಕೆನ್ನೆ ಒಳಗೆ ಹೋಗಿದೆ, ಗಡ್ಡ ಬಿಟ್ಟಿದ್ದಾನೆ. ಬಾಗಿಲಲ್ಲೇ ಕ್ಷಮಿಸು ಎಂದೆ. "ಬಿಡೇ ಅಕ್ಕ, ಹಸಿವಾಗ್ತಿದೆ" ಎಂದ. ಇಬ್ಬರೂ ಅತ್ತೆವು, ಇವರು ಪಕ್ಕದಲ್ಲಿ ನಿಂತು ಏನು ಮಾಡಬೇಕೋ ತೋಚದೆ ಅವನ ಚೀಲವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಟ್ಟರು.

ಊಟವಾದ ಮೇಲೆ ಎಲ್ಲರೂ ಕುಳಿತಿದ್ದೆವು. ಮಗಳಿಗೆ ಹೊರಗೆ ಆಡಲು ಹೋಗಬೇಕಿತ್ತು. ಮೋಡ ನೋಡುವ ಮಾಮ ಮನೆಯಲ್ಲೇ ಇರುವಾಗ ಬೇರೆ ಯಾರನ್ನು ಕೇಳಬೇಕು?

"ಮಾಮ, ಮಳೆ ಬರುತ್ತಾ?"

ಕಿಟಕಿ ಅವನ ಬಲಗಡೆಗೇ ಇತ್ತು, ಒಂದು ಮಾರು ದೂರ. ಅವನು ಅತ್ತ ತಿರುಗಲಿಲ್ಲ. ಮೊದಲು ನನ್ನ ಮುಖ ನೋಡಿದ.

ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತೆ. ನಾಲ್ಕು ಲೋಟ ಮುಗಿದವು. ಆಮೇಲೆ ಕುರ್ಚಿ ಸರಿದ ಸದ್ದು, ಕಿಟಕಿಯ ಚಿಲಕ ತೆಗೆದ ಸದ್ದು.